ಉದುರಿದ ಎಲೆಗೂ ಸುಂಕ

ಇಂಗ್ಲೆಂಡಿನಲ್ಲಿ ಫೆಬ್ರವರಿ ಕಳೆಯುತ್ತಿದ್ದಂತೆ ಹಿತ್ತಲ ಹುಲ್ಲಿಗೆ ಜೀವ ಬರುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೌನ್ಸಿಲ್ಲಿನಿಂದ, ಅಂದರೆ ಊರಿನ ಸ್ಥಳೀಯ ಆಡಳಿತದಿಂದ, ಕಾಗದವೂ ಬರುತ್ತದೆ. ತೋಟದ ಕಸ ಒಯ್ಯಲು ಈ ವರ್ಷದ ಶುಲ್ಕ ಇಷ್ಟು, ಇಂಥ ತಾರೀಖಿನೊಳಗೆ ಕಟ್ಟಿ, ಕಟ್ಟಿದವರಿಗೆ ಸ್ಟಿಕ್ಕರ್ ಕಳಿಸುತ್ತೇವೆ, ಸ್ಟಿಕ್ಕರ್ ಇಲ್ಲದ ಬಿನ್ನನ್ನು ಲಾರಿಯವರು ಮುಟ್ಟುವುದಿಲ್ಲ. ಕಾಗದ ಬಂದಮೇಲೆ ಕೆಲವು ವಾರ ನಮ್ಮ ಬೀದಿಯಲ್ಲಿ ಬೇರೆ ಮಾತಿಲ್ಲ. ಬೇಲಿಯಾಚೆಯಿಂದ, ಬಸ್ ಸ್ಟಾಪಿನಲ್ಲಿ, ಅಂಗಡಿಯ ಸಾಲಿನಲ್ಲಿ ಅದೇ ದೂರು. ಹವೆಯ ವಿಷಯ ಬಿಟ್ಟರೆ ಇಲ್ಲಿಯವರು ಅಪರಿಚಿತರ ಜೊತೆ ಇಷ್ಟು ಸಲೀಸಾಗಿ ಮಾತಾಡುವುದನ್ನು ನಾನು ಕಂಡಿರುವುದು ಈ ಒಂದು ವಿಷಯದಲ್ಲಿ.

ದೂರುಗಳನ್ನು ನಾನು ಗಮನಕೊಟ್ಟು ಕೇಳುತ್ತ ಬಂದಿದ್ದೇನೆ. ಮೊದಲನೆಯದು ಎಲ್ಲರ ಬಾಯಲ್ಲೂ ಇರುವಂಥದು: ಕೌನ್ಸಿಲ್ ಟ್ಯಾಕ್ಸ್ ಕಟ್ಟಿದ್ದೇವಲ್ಲ, ಮತ್ತೆ ಇದೇಕೆ? ಇಂಗ್ಲೆಂಡಿನಲ್ಲಿ ಬೆಲೆಗೆ ತಕ್ಕಂತೆ ವಿಂಗಡಿಸಿದ ಮನೆಗಳಲ್ಲಿ ಡಿ ಬ್ಯಾಂಡಿನದಕ್ಕೆ 2025-26ರ ಸರಾಸರಿ ಕೌನ್ಸಿಲ್ ಟ್ಯಾಕ್ಸ್ 2,280 ಪೌಂಡ್. ಅಷ್ಟು ತೆತ್ತವರಿಗೆ ಹುಲ್ಲು ಒಯ್ಯಲು ಇನ್ನಷ್ಟು ಕೊಡಿ ಎಂದರೆ ಸಿಟ್ಟು ಬರುವುದು ಸಹಜ. ಎರಡನೆಯದು ಊರೂರಿನ ಭೇದ. ಒಂದೂರಿನಲ್ಲಿ ನಲವತ್ತು ಪೌಂಡಿನ ಆಚೀಚೆ, ಇನ್ನೊಂದರಲ್ಲಿ ಎಪ್ಪತ್ತನ್ನೂ ದಾಟಿದ್ದು, ಮತ್ತೆ ಕೆಲವು ಕಡೆ ಇಂದಿಗೂ ಪುಕ್ಕಟೆ. ಎರಡು ಕೌನ್ಸಿಲ್‌ಗಳ ಗಡಿ ಒಂದೇ ರಸ್ತೆಯ ಮೇಲೆ ಹಾದುಹೋದರೆ ಎದುರುಬದುರಿನ ಮನೆಗಳಿಗೆ ಎರಡು ನ್ಯಾಯ. ಇನ್ನು ಚಳಿಗಾಲದಲ್ಲಿ ಹಲವು ಕಡೆ ಲಾರಿ ಕೆಲವು ವಾರ ಬರುವುದೇ ಇಲ್ಲ; ದುಡ್ಡು ಮಾತ್ರ ಇಡೀ ವರ್ಷದ್ದು. ಹದಿನೈದು ದಿನಕ್ಕೊಮ್ಮೆ ಬರಬೇಕಾದದ್ದು ಒಂದು ಸಲ ತಪ್ಪಿದರೆ ಒದ್ದೆ ಹುಲ್ಲು ಬಿನ್ನಿನೊಳಗೆ ಒಂದು ತಿಂಗಳು ಕುಳಿತು ನಾರುತ್ತದೆ.

ಕಾನೂನು ಕೌನ್ಸಿಲ್ಲಿನ ಪರವಾಗಿದೆ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯ ಕಸವನ್ನು ಪುಕ್ಕಟೆ ಒಯ್ಯುವುದು ಅವರ ಕರ್ತವ್ಯ. ಆದರೆ ಕೆಲವು ಬಗೆಯ ಕಸಕ್ಕೆ ಒಯ್ಯುವ ಖರ್ಚು ಕೇಳಬಹುದೆಂದು ನಿಯಮಗಳಲ್ಲಿ ಪಟ್ಟಿ ಮಾಡಿದ್ದಾರೆ. ಹಳೆಯ ಸೋಫಾ, ಫ್ರಿಜ್ಜುಗಳಂಥ ದೊಡ್ಡ ಸಾಮಾನಿನ ಜೊತೆ ಆ ಪಟ್ಟಿಯಲ್ಲಿ ತೋಟದ ಕಸವೂ ಇದೆ. ಬಹಳ ಕಾಲ ಎಷ್ಟೋ ಕೌನ್ಸಿಲ್‌ಗಳು ಆ ಅಧಿಕಾರವನ್ನು ಬಳಸದೆ ಬಿಟ್ಟಿದ್ದವು. ಬರ್ಮಿಂಗ್‌ಹ್ಯಾಮಿನಲ್ಲಿ ಶುಲ್ಕ ಬಂದದ್ದು 2014ರಲ್ಲಿ, ವರ್ಷಕ್ಕೆ 35 ಪೌಂಡ್. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 2018ರಲ್ಲಿ, 25 ಪೌಂಡ್. ಇಂಗ್ಲೆಂಡಿನಲ್ಲೆಲ್ಲ ಇದನ್ನು ಮತ್ತೆ ಪುಕ್ಕಟೆ ಮಾಡಿದರೆ ಹೇಗೆಂದು ಸರಕಾರ 2019ರಲ್ಲೂ 2021ರಲ್ಲೂ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕೊನೆಗೆ 2023ರಲ್ಲಿ, ಶುಲ್ಕ ಹಾಕುವುದು ಬಿಡುವುದು ಆಯಾ ಕೌನ್ಸಿಲ್ಲಿಗೆ ಬಿಟ್ಟದ್ದೆಂದು ತೀರ್ಮಾನಿಸಿತು.

ಕೌನ್ಸಿಲ್‌ಗಳ ಕಷ್ಟವೂ ಸುಳ್ಳಲ್ಲ. 2010ರಿಂದೀಚೆಗೆ ಲಂಡನ್ನಿನ ಸರಕಾರದಿಂದ ಬರುವ ಅನುದಾನ ಕರಗುತ್ತ ಹೋಯಿತು. ತೆರಿಗೆಯನ್ನು ಮನಸ್ಸು ಬಂದಷ್ಟು ಏರಿಸುವಂತೆಯೂ ಇಲ್ಲ. ಮಿತಿ ದಾಟಿದರೆ ಊರಿನವರ ಮತ ಕೇಳಬೇಕೆಂದು 2011ರ ಕಾನೂನು ಹೇಳುತ್ತದೆ. ಇತ್ತ ಮುದುಕರ ಆರೈಕೆ, ದಿಕ್ಕಿಲ್ಲದ ಮಕ್ಕಳ ಪೋಷಣೆ ಇವು ಬಿಡಲಾಗದ ಕರ್ತವ್ಯಗಳು, ಅವುಗಳ ಖರ್ಚು ವರ್ಷವರ್ಷ ಏರುತ್ತದೆ. ಬರ್ಮಿಂಗ್‌ಹ್ಯಾಮಿನಂಥ ದೊಡ್ಡ ಊರೇ 2023ರ ಸೆಪ್ಟೆಂಬರಿನಲ್ಲಿ ಕೈಯಲ್ಲಿ ಹಣವಿಲ್ಲವೆಂದು ಅಧಿಕೃತವಾಗಿ ಸಾರಬೇಕಾಯಿತು. ಗ್ರಂಥಾಲಯ ಮುಚ್ಚುವುದೋ ಹುಲ್ಲಿಗೆ ದುಡ್ಡು ಕೇಳುವುದೋ ಎಂಬ ಪ್ರಶ್ನೆ ಬಂದಾಗ ಹುಲ್ಲಿಗೆ ಕೇಳಿದರೆ ನಾನಂತೂ ತಪ್ಪೆನ್ನಲಾರೆ.

ಇನ್ನೊಂದು ಮಾತು, ದೂರುವವರ ನಡುವೆ ನಿಂತು ಹೇಳಲು ಕಷ್ಟವಾದರೂ ಹೇಳಬೇಕಾದದ್ದು. ಹಿತ್ತಲು ಎಲ್ಲರಿಗೂ ಇಲ್ಲ. ಬ್ರಿಟನ್ನಿನಲ್ಲಿ ಎಂಟು ಮನೆಗಳಲ್ಲಿ ಒಂದಕ್ಕೆ ತನ್ನದೆನ್ನುವ ಅಥವಾ ಹಂಚಿಕೊಂಡ ತೋಟವೇ ಇಲ್ಲವೆಂದು ದೇಶದ ಅಂಕಿಅಂಶ ಕಚೇರಿ 2020ರಲ್ಲಿ ಲೆಕ್ಕ ಹಾಕಿತು. ಲಂಡನ್ನಿನಲ್ಲಿ ಐದರಲ್ಲಿ ಒಂದಕ್ಕೆ. ಕೊರೋನಾದ ಮೊದಲ ಬೇಸಿಗೆಯಲ್ಲಿ ಆ ಮನೆಗಳವರು ಕಿಟಕಿಯ ಹಿಂದೆ ಕುಳಿತು ಕಳೆದ ದಿನಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆರನೆಯ ಮಹಡಿಯ ಫ್ಲಾಟಿನಲ್ಲಿ ಎರಡು ಮಕ್ಕಳನ್ನು ಇಟ್ಟುಕೊಂಡು ಕೌನ್ಸಿಲ್ ಟ್ಯಾಕ್ಸ್ ಕಟ್ಟುವ ತಾಯಿ ನನ್ನ ಗುಲಾಬಿಯ ಕಡ್ಡಿ ಸಾಗಿಸಲು ಯಾಕೆ ಹಣ ಕೊಡಬೇಕು? ಹೀಗಾಗಿ ಶುಲ್ಕವೆಂಬುದು ಮೂಲದಲ್ಲೇ ಅನ್ಯಾಯ ಎನ್ನುವವರ ಜೊತೆ ನಾನಿಲ್ಲ.

ಆದರೆ ಅದು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು. ತೋಟದ ಕಸವನ್ನು ನಾವೇ ಕಾರಿನಲ್ಲಿ ಹಾಕಿಕೊಂಡು ಊರಂಚಿನ ಕಸದ ಕೇಂದ್ರಕ್ಕೆ, ಇಲ್ಲಿಯವರು ಟಿಪ್ ಎನ್ನುವಲ್ಲಿಗೆ, ಒಯ್ದರೆ ಖರ್ಚಿಲ್ಲ. ಊರಿನವರು ತಂದ ಮನೆಯ ಕಸಕ್ಕೆ ಅಲ್ಲಿ ಹಣ ಕೇಳಬಾರದೆಂದು 2015ರಲ್ಲಿ ಸರಕಾರ ಆದೇಶವನ್ನೇ ಹೊರಡಿಸಿದೆ. ಅಂದರೆ ಡಿಕ್ಕಿ ದೊಡ್ಡದಿರುವ ಕಾರು, ಭಾನುವಾರದ ಬಿಡುವು, ಚೀಲ ಎತ್ತುವ ಸೊಂಟ ಈ ಮೂರೂ ಇದ್ದವರಿಗೆ ಶುಲ್ಕದಿಂದ ತಪ್ಪಿಸಿಕೊಳ್ಳುವ ದಾರಿ ಇದೆ. ಇಲ್ಲದವರು ಕಟ್ಟಬೇಕು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಕಣ್ಣಿನ ದೆಸೆಯಿಂದ ಕಾರು ಬಿಟ್ಟು ವರ್ಷಗಳಾದವು. ಗಂಡ ನೆಟ್ಟ ಬೇಲಿ, ಗಂಡ ಬೆಳೆಸಿದ ಹುಲ್ಲುಹಾಸು. ಎರಡನ್ನೂ ಒಪ್ಪವಾಗಿ ಇಟ್ಟುಕೊಳ್ಳುವುದು ಅವರ ಪಾಲಿಗೆ ಮನೆಗೆಲಸಕ್ಕಿಂತ ಹೆಚ್ಚಿನದು. ಕತ್ತರಿಸಲು ಹುಡುಗನೊಬ್ಬ ಬರುತ್ತಾನೆ, ಅವನಿಗೆ ಕೂಲಿ. ಕತ್ತರಿಸಿದ್ದನ್ನು ಒಯ್ಯಲು ಕೌನ್ಸಿಲ್ಲಿಗೆ ಶುಲ್ಕ. ಈ ವರ್ಷ ಸ್ಟಿಕ್ಕರ್ ಕೊಳ್ಳುವುದೋ ಬೇಡವೋ ಎಂದು ಅವರು ನನ್ನ ಹತ್ತಿರ ಕೇಳಿದಾಗ ಅವರ ದನಿಯಲ್ಲಿ ಇದ್ದದ್ದು ಸಿಟ್ಟಲ್ಲ, ಲಜ್ಜೆ. ಅದನ್ನು ಕೇಳಿದ ಮೇಲೆ ನನಗೆ ಈ ಶುಲ್ಕದ ಬಗ್ಗೆ ತಟಸ್ಥವಾಗಿ ಇರಲು ಆಗುತ್ತಿಲ್ಲ. ಕೆಲವು ಕೌನ್ಸಿಲ್‌ಗಳು ಕಡಿಮೆ ಆದಾಯದವರಿಗೆ ರಿಯಾಯಿತಿ ಕೊಡುತ್ತವೆ. ಕೆಲವು ಕೊಡುವುದಿಲ್ಲ. ಕಾರಿಲ್ಲದಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಕೌನ್ಸಿಲ್ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ದೂರುಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ್ದು ಬೀದಿಯ ಮರದ ಎಲೆಯದು. ನಮ್ಮ ರಸ್ತೆಯ ಎರಡೂ ಬದಿಗೆ ಹಳೆಯ ಕಾಲದಲ್ಲಿ ನೆಟ್ಟ ದೊಡ್ಡ ಮರಗಳಿವೆ. ಮರ ಕೌನ್ಸಿಲ್ಲಿನದು. ಅಕ್ಟೋಬರಿನಿಂದ ಅದು ಎಲೆ ಉದುರಿಸಲು ತೊಡಗಿದರೆ ಡಿಸೆಂಬರಿನ ತನಕ ನಿಲ್ಲುವುದಿಲ್ಲ. ಕಾಲುದಾರಿಯ ಮೇಲೆ ಬಿದ್ದ ಎಲೆಯನ್ನು ಕೌನ್ಸಿಲ್ಲಿನವರೇ ಬಂದು ಗುಡಿಸಿ ಒಯ್ಯುತ್ತಾರೆ, ರಸ್ತೆ ಚೊಕ್ಕಟವಾಗಿಡುವುದು ಅವರ ಕರ್ತವ್ಯ. ಅದೇ ಕೊಂಬೆಯ ಇನ್ನೊಂದು ಎಲೆ ಗಾಳಿಗೆ ಗಿಡ್ಡ ಗೋಡೆ ದಾಟಿ ಅಂಗಳಕ್ಕೆ ಬಿದ್ದರೆ ಅದು ಮನೆಯವರ ಕಸ, ಅದನ್ನು ಒಯ್ಯಲು ಸ್ಟಿಕ್ಕರ್ ಬೇಕು. ಬೇಕೆಂದೇ ಬೀದಿಗೆ ಗುಡಿಸಿ ಬಿಟ್ಟರೆ ಅಪರಾಧ. ನಾಲ್ಕು ಮನೆ ಆಚೆಯ ಒಬ್ಬರು ಈ ವಿಷಯ ಹಿಡಿದು ಕೌನ್ಸಿಲ್ಲಿಗೆ ಪತ್ರ ಬರೆದರು. ಎಲೆ ಉದುರುವುದು ಪ್ರಕೃತಿಸಹಜ, ಅದರ ಹೊಣೆ ಜಾಗದ ಒಡೆಯರದು ಎಂದು ಉತ್ತರ ಬಂತು. ಉತ್ತರ ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ಆ ಮರದ ನೆರಳು ಇಡೀ ಬೀದಿಗೆ ಸೇರಿದ್ದು, ಅದು ಹೀರುವ ಹೊಗೆ ಇಡೀ ಊರಿನದು. ಎಲೆ ಮಾತ್ರ ಹೊಸ್ತಿಲು ದಾಟಿದ ಕೂಡಲೆ ಒಬ್ಬರದಾಗುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಈ ಒಂದು ಕಾರಣಕ್ಕೆ ಮರ ಕಡಿಸಿ ಎಂದು ಅರ್ಜಿ ಹಾಕುವವರೂ ಹುಟ್ಟಿಕೊಳ್ಳುತ್ತಾರೆ. ಶುಲ್ಕದಿಂದ ಬರುವ ದುಡ್ಡಿಗಿಂತ ಅಂಥ ಒಂದು ಅರ್ಜಿ ಊರಿಗೆ ಹೆಚ್ಚು ನಷ್ಟ.

ನಾನು ಶಿರಸಿ ಸೀಮೆಯವಳು. ಎಲೆಯ ವಿಷಯ ಬಂದಾಗ ನನಗೆ ನನ್ನ ಊರಿನ ಲೆಕ್ಕವೇ ಮೊದಲು ನೆನಪಾಗುತ್ತದೆ. ಅಡಕೆ ತೋಟಕ್ಕೆ ಸೊಪ್ಪು ಬೇಕು. ಹಸಿ ಸೊಪ್ಪು ಮತ್ತು ದರಕು, ಅಂದರೆ ಉದುರಿ ಒಣಗಿದ ಎಲೆ, ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು, ಸಗಣಿ ಗಂಜಳದಲ್ಲಿ ನೆನೆದು, ಗೊಬ್ಬರಗುಂಡಿಯಲ್ಲಿ ಕೊಳೆತು ಮರದ ಬುಡಕ್ಕೆ ಹೋಗಬೇಕು. ಅದಕ್ಕಾಗಿಯೇ ತೋಟದ ಜೊತೆ ಸೊಪ್ಪಿನ ಬೆಟ್ಟ ಇರುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟ ಲೆಕ್ಕವಿದೆ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇವೂ ಬೇಸಾಯದ ಭೂಮಿಗೆ ಸೊಪ್ಪು ಸೌದೆಗಳನ್ನು ಒದಗಿಸಲು ಬಂದ ಹಕ್ಕುಗಳೇ. ಬ್ರಿಟಿಷರ ಅರಣ್ಯ ಇಲಾಖೆ ಕಾಡಿಗೆ ಗಡಿಕಲ್ಲು ನೆಟ್ಟಾಗ ನಮ್ಮ ಕಡೆಯ ರೈತರು ಸೊಪ್ಪು ಸೌದೆ ಮೇವಿನ ಹಕ್ಕು ಉಳಿಸಿಕೊಡಿ ಎಂದು ಸರಕಾರಕ್ಕೆ ಅಹವಾಲು ಬರೆದರು. 1930ರಲ್ಲಿ ಉತ್ತರ ಕನ್ನಡದಲ್ಲಿ ಅರಣ್ಯ ಸತ್ಯಾಗ್ರಹವೇ ನಡೆಯಿತು. ಎಲೆಯನ್ನು ಉಳಿಸಿಕೊಳ್ಳಲು ಬ್ರಿಟಿಷ್ ಸರಕಾರಕ್ಕೆ ಅರ್ಜಿ ಬರೆದವರ ಮೊಮ್ಮಗಳು ನಾನು. ಅದೇ ದೇಶಕ್ಕೆ ಬಂದು, ಎಲೆಯನ್ನು ಕಳಿಸಿಬಿಡಲು ಜನ ಅರ್ಜಿ ಬರೆಯುವುದನ್ನು ನೋಡುತ್ತಿದ್ದೇನೆ.

ಆಯಿಗೆ, ಅಂದರೆ ಅಮ್ಮನಿಗೆ, ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳಿಗೆ ನಂಬಿಕೆ ಬರಲಿಲ್ಲ. "ದರಕು ತಗಂಡು ಹೋಪಲೆ ದುಡ್ಡು ಕೊಡವಾ? ಯಾರ್ಗೆ?" ಎಂದು ಕೇಳಿದಳು. ಬೇಸಗೆಯ ಶುರುವಿನಲ್ಲಿ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ, ಹಗ್ಗದ ಬಲೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತಂದ ಹೆಂಗಸು ಅವಳು. ಬೆಟ್ಟಕ್ಕೆ ಬೆಂಕಿ ಬೀಳುವ ಮೊದಲು ದರಕು ಮನೆ ಸೇರಬೇಕೆಂದು ಅವಳು ಪಡುತ್ತಿದ್ದ ಅವಸರ ನನಗೆ ಚೆನ್ನಾಗಿ ನೆನಪಿದೆ. ಅವಳ ಪ್ರಶ್ನೆಗೆ ನಾನು ಬಾಯಲ್ಲಿ ಕೊಟ್ಟ ಉತ್ತರ ಅವಳಿಗೂ ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ.

ಹಾಗಾಗಿ ನಮ್ಮ ಹಿತ್ತಲಿನಿಂದ ಎಲೆ ಹೊರಗೆ ಹೋಗುವುದಿಲ್ಲ. ನಾಲ್ಕು ಗೂಟ ಹೊಡೆದು ಸುತ್ತ ಕೋಳಿಬಲೆ ಕಟ್ಟಿ ಅದರೊಳಗೆ ಎಲೆ ತುಂಬುತ್ತೇನೆ. ಇಲ್ಲಿಯ ಚಳಿಗೆ ಅದು ನಿಧಾನವಾಗಿ ಕೊಳೆಯುತ್ತದೆ. ಓಕ್, ಬೀಚ್ ಮರಗಳ ಗಟ್ಟಿ ಎಲೆಗೆ ಒಂದರಿಂದ ಎರಡು ವರ್ಷ ಬೇಕು. ಆಮೇಲೆ ಸಿಗುವ ಕಪ್ಪು ಪುಡಿ ಎಷ್ಟು ಹಗುರ, ಎಷ್ಟು ಸುವಾಸನೆಯದು! ಇಂಗ್ಲಿಷ್ ತೋಟಗಾರರು ಇದನ್ನು ತಲೆಮಾರುಗಳಿಂದ ಬಲ್ಲರು, ಹಳೆಯ ತೋಟಗಳ ಮೂಲೆಯಲ್ಲಿ ಇಂಥ ಎಲೆಗೂಡು ಇದ್ದೇ ಇರುತ್ತದೆ. ಹುಲ್ಲು ಕೊಯ್ದಾಗ ಸಣ್ಣ ಚೂರುಗಳನ್ನು ಅಲ್ಲೇ ಬಿಡುತ್ತೇನೆ, ಅದರ ಸಾರಜನಕ ಮರಳಿ ಅದೇ ಹುಲ್ಲಿಗೆ ಸಿಗುತ್ತದೆ. ಹೆಚ್ಚಾದದ್ದು ಅಡಿಗೆಮನೆಯ ಸಿಪ್ಪೆಯ ಜೊತೆ ಗೊಬ್ಬರದ ಡಬ್ಬಿಗೆ. ಒಣ ಎಲೆ ಸೇರಿಸದೆ ಬರೀ ಹಸಿ ಹುಲ್ಲು ಒಟ್ಟಿದರೆ ಗಾಳಿಯಾಡದೆ ಅಂಟಾಗಿ ಕೊಳೆತು ನಾರುತ್ತದೆ. ಪದರಪದರವಾಗಿ ಹಾಕಿದರೆ ವಾಸನೆಯಿಲ್ಲ. ಇದು ಶಿರಸಿಯ ಗೊಬ್ಬರಗುಂಡಿಯ ಪಾಠವೇ, ಇಲ್ಲಿ ದನವಿಲ್ಲ ಅಷ್ಟೆ. ಈಗಂತೂ ಮೇ ತಿಂಗಳಿಡೀ ಹುಲ್ಲು ಕೊಯ್ಯದೆ ಬಿಡಿ, ಜೇನಿಗೆ ಹೂವಾಗುತ್ತದೆ ಎಂದು ಪ್ಲಾಂಟ್‌ಲೈಫ್ ಎಂಬ ಸಂಸ್ಥೆ ಪ್ರಚಾರ ಮಾಡುತ್ತಿದೆ. ಎಲೆರಾಶಿಯ ಕೆಳಗೆ ಚಳಿಗಾಲ ಕಳೆಯುವ ಮುಳ್ಳಿಲಿಯಂಥ ಪ್ರಾಣಿಗೂ ಇಷ್ಟು ಜಾಗ ಬೇಕಲ್ಲ.

ಆದರೆ ಎಲ್ಲವನ್ನೂ ಹಿತ್ತಲಲ್ಲೇ ಅರಗಿಸಿಕೊಳ್ಳಿ ಎಂದು ಉಪದೇಶಿಸುವುದು ಸುಲಭ. ಬೇಲಿ ಸವರಿದ ಗಟ್ಟಿ ಕಡ್ಡಿ, ಗುಲಾಬಿಯ ಮುಳ್ಳು, ಬೈಂಡ್‌ವೀಡ್ ಎಂಬ ಬಳ್ಳಿಕಳೆಯ ಬೇರು ಇವು ಸಣ್ಣ ರಾಶಿಯಲ್ಲಿ ಕೊಳೆಯುವುದಿಲ್ಲ. ಬೇರಂತೂ ಗೊಬ್ಬರದ ಜೊತೆ ಇಡೀ ತೋಟಕ್ಕೆ ಹಬ್ಬುತ್ತದೆ. ನಮ್ಮ ಬೀದಿಯ ಕೆಲವು ಮನೆಗಳ ಹಿತ್ತಲು ಎರಡು ಚಾಪೆ ಹಾಸುವಷ್ಟು ಅಗಲ ಮಾತ್ರ. ರಾಶಿ ಮಗುಚಲು ತೋಳಿನಲ್ಲಿ ಕಸುವು ಬೇಕು. ಪಕ್ಕದ ಮನೆಯ ಅಜ್ಜಿಗೆ ಗೊಬ್ಬರ ಮಾಡಿಕೊಳ್ಳಿ ಎನ್ನುವುದು ಅವರ ಕಷ್ಟಕ್ಕೆ ಉತ್ತರವಲ್ಲ. ಅವರ ಎಲೆಯನ್ನು ಸದ್ಯಕ್ಕೆ ನಾನೇ ಬೇಲಿಯ ಸಂದಿನಿಂದ ಈಚೆ ಎಳೆದುಕೊಳ್ಳುತ್ತೇನೆ, ಕಡ್ಡಿಗೆ ನಾವಿಬ್ಬರೂ ಕೂಡಿ ಒಂದೇ ಬಿನ್ನಿನ ಶುಲ್ಕ ಹಂಚಿಕೊಂಡಿದ್ದೇವೆ. ನೆರೆಹೊರೆ ಸರಿಯಿದ್ದಲ್ಲಿ ಇದು ನಡೆಯುತ್ತದೆ. ಇಲ್ಲದ ಕಡೆ ಶುಲ್ಕ ಕಟ್ಟಲಾಗದವರು ಹುಲ್ಲನ್ನು ಮಾಮೂಲಿ ಕಸದ ಬಿನ್ನಿನ ತಳಕ್ಕೆ ತುರುಕುತ್ತಾರೆ. ಆ ಬಿನ್ನು ಹೋಗುವುದು ಸುಡುವ ಸ್ಥಾವರಕ್ಕೆ ಅಥವಾ ಹೂಳುವ ಹೊಂಡಕ್ಕೆ. ಹೂಳುವ ಕಸದ ಮೇಲೆ 1996ರಲ್ಲಿ ಟನ್ನಿಗೆ 7 ಪೌಂಡಿನಿಂದ ಶುರುವಾದ ತೆರಿಗೆ 2025ರ ಏಪ್ರಿಲಿನಲ್ಲಿ 126.15 ಪೌಂಡಿಗೆ ಏರಿತು. ಗಾಳಿಯಿಲ್ಲದ ಹೊಂಡದಲ್ಲಿ ಕೊಳೆತ ಹುಲ್ಲಿನಿಂದ ಮೀಥೇನ್ ಹೊರಡುತ್ತದೆಂಬುದೇ ಆ ತೆರಿಗೆ ಏರಿಸಲು ಒಂದು ಕಾರಣ. ಕೌನ್ಸಿಲ್ ಇತ್ತ ಅಂಥವರ ಹುಲ್ಲು ಒಯ್ಯದೆ ಉಳಿಸಿಕೊಂಡದ್ದನ್ನು ಅತ್ತ ಕಳೆದುಕೊಳ್ಳುತ್ತದೆ.

ಶುಲ್ಕ ಕಟ್ಟಿದವರ ಎಲೆ ಎಲ್ಲಿಗೆ ಹೋಗುತ್ತದೆಂದು ಬಹಳ ಜನ ಕೇಳುವುದೇ ಇಲ್ಲ. ಅದನ್ನು ಊರ ಹೊರಗಿನ ಬಯಲಿನಲ್ಲಿ ಪುಡಿಮಾಡಿ, ಉದ್ದುದ್ದ ದಿಬ್ಬಗಳಾಗಿ ಒಟ್ಟಿ, ಯಂತ್ರದಿಂದ ಮತ್ತೆಮತ್ತೆ ಮಗುಚುತ್ತಾರೆ. ಒಳಗಿನ ಶಾಖ ಅರವತ್ತು ಡಿಗ್ರಿ ದಾಟುತ್ತದೆ, ಕಳೆಯ ಬೀಜ ಸಾಯುತ್ತದೆ, ಕೆಲವೇ ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುತ್ತದೆ. ಹೆಚ್ಚಿನದು ಸುತ್ತಲಿನ ಹೊಲಗಳಿಗೆ ಹೋಗುತ್ತದೆ, ಒಂದಷ್ಟು ಚೀಲ ಸೇರಿ ಮಾರಾಟಕ್ಕೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ಹುಲ್ಲಿನ ಜೊತೆ ಪ್ಲಾಸ್ಟಿಕ್ ಕುಂಡ, ನೈಲಾನ್ ದಾರ ಎಸೆದು ಅದನ್ನು ಕೆಡಿಸುವವರ ಮೇಲೆ ನನಗೆ ಸಿಟ್ಟಿದೆ. ಆದರೆ ಎಲೆಯನ್ನೂ ಅದರ ಜೊತೆ ಹಣವನ್ನೂ ಕೊಟ್ಟವರಿಗೆ ವರ್ಷಕ್ಕೆ ಎರಡು ಚೀಲ ಗೊಬ್ಬರ ಮರಳಿ ಕೊಟ್ಟರೆ ಏನು ಕಷ್ಟ? ಈಗ ಜನ ಏಪ್ರಿಲಿನಲ್ಲಿ ಹುಲ್ಲು ಒಯ್ಯಲು ದುಡ್ಡು ಕೊಟ್ಟು, ಅದೇ ವಾರ ಅಂಗಡಿಗೆ ಹೋಗಿ ಗೊಬ್ಬರದ ಚೀಲ ಕೊಂಡು ತರುತ್ತಾರೆ. ಮಣ್ಣಿನ ಸಾರ ಹೊರಗೆ ಹೋದದ್ದು ಕಣ್ಣಿಗೆ ಕಾಣದಿರುವುದರಿಂದ ಅವರಿಗೆ ಬಿಲ್ಲು ಮಾತ್ರ ಕಾಣುತ್ತದೆ, ಬಿಲ್ಲಿನ ಮೇಲೆಯೇ ಸಿಟ್ಟು ಬರುತ್ತದೆ.

ಬೆಂಗಳೂರಿನಲ್ಲಿರುವ ತಂಗಿ ಇತ್ತೀಚೆಗೆ, "ಅಕ್ಕಾ, ಇಲ್ಲೂ ಶುರುವಾತು ನೋಡು" ಎಂದಳು. 2025ರ ಏಪ್ರಿಲಿನಿಂದ ಅಲ್ಲಿ ಕಟ್ಟಡದ ಅಳತೆಗೆ ತಕ್ಕಂತೆ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಕಸದ ಬಳಕೆದಾರರ ಶುಲ್ಕ ಆಸ್ತಿ ತೆರಿಗೆಯ ಜೊತೆ ಸೇರಿದೆ. ಗಿಡಮರದ ಕಸವನ್ನು ಬೇರೆಯಾಗಿ ತಮ್ಮ ಜಾಗದಲ್ಲೇ ಇಟ್ಟುಕೊಂಡು ಪಾಲಿಕೆ ಹೇಳಿದಂತೆ ವಿಲೇವಾರಿ ಮಾಡಬೇಕು, ಸುಡಬಾರದು ಎಂದು ದೇಶದ ನಿಯಮ 2016ರಲ್ಲೇ ಹೇಳಿದ್ದರೂ, ಅವಳ ಬಡಾವಣೆಯ ಮೂಲೆಯಲ್ಲಿ ಬೆಳಗಿನ ಹೊತ್ತು ಎಲೆರಾಶಿಗೆ ಬೆಂಕಿ ಹಚ್ಚುವುದು ನಿಂತಿಲ್ಲವಂತೆ. ಅಲ್ಲಿ ಇನ್ನೂ ಮೊದಲ ಪಾಠವೇ ಮುಗಿದಿಲ್ಲ. ಆದರೂ ಅವಳ ಹತ್ತಿರ ನಾನು ಹೇಳಿದ್ದು ಇಷ್ಟೇ: ಶುಲ್ಕ ಎಷ್ಟು ಎಂದು ಜಗಳವಾಡುವ ಮೊದಲು, ಎಲೆ ಎಲ್ಲಿಗೆ ಹೋಗುತ್ತದೆ, ಗೊಬ್ಬರ ಯಾರಿಗೆ ಸಿಗುತ್ತದೆ ಎಂದು ಕೇಳಿ.

ಇಲ್ಲಿ ಚಳಿಗಾಲದಲ್ಲಿ ಕೌನ್ಸಿಲ್ ಮುಂದಿನ ವರ್ಷದ ಬಜೆಟ್ಟಿನ ಬಗ್ಗೆ ಊರಿನವರ ಅಭಿಪ್ರಾಯ ಕೇಳುತ್ತದೆ. ಪ್ರತಿ ಸಲ ಬರೀ ಶುಲ್ಕ ತೆಗೆಯಿರಿ ಎಂಬ ಪತ್ರಗಳೇ ಹೋಗುತ್ತವೆ, ಹಣವಿಲ್ಲ ಎಂಬ ಉತ್ತರವೇ ಬರುತ್ತದೆ. ಈ ಸಲ ನಾವು ಬೀದಿಯವರು ಕೂಡಿ ಬೇರೆ ಬಗೆಯಲ್ಲಿ ಬರೆದಿದ್ದೇವೆ. ಶುಲ್ಕ ಇರಲಿ ಎಂದಿದ್ದೇವೆ; ಆ ಸಾಲು ಬರೆಯಲು ಕೆಲವರನ್ನು ಒಪ್ಪಿಸಬೇಕಾಯಿತು. ಕಾರಿಲ್ಲದ ಮುದುಕರಿಗೂ ಅಂಗವಿಕಲರಿಗೂ ಅದನ್ನು ಬಿಟ್ಟುಬಿಡಿ. ಬೀದಿಮರಗಳಿರುವ ರಸ್ತೆಗಳಲ್ಲಿ ನವೆಂಬರಿನಲ್ಲಿ ಎರಡು ಸಲ, ಅಂಗಳದಿಂದ ಗುಡಿಸಿಟ್ಟ ಎಲೆಯನ್ನೂ ಬೀದಿಯ ಎಲೆಯ ಜೊತೆಗೇ ಒಯ್ಯಿರಿ. ವಸಂತದಲ್ಲಿ ಒಂದು ದಿನ ಪಾರ್ಕಿನ ಗೇಟಿನ ಹತ್ತಿರ ಗೊಬ್ಬರ ಸುರಿಯಿರಿ, ಬೇಕಾದವರು ತುಂಬಿಕೊಂಡು ಹೋಗಲಿ. ಕೌನ್ಸಿಲ್ಲಿನ ಸಭೆಯಲ್ಲಿ ಊರಿನವರು ಪ್ರಶ್ನೆ ಕೇಳಲು ಸಮಯವಿರುತ್ತದೆ, ಮೊದಲೇ ಹೆಸರು ಕೊಡಬೇಕು. ನಾನು ಗೊಬ್ಬರದ ಪ್ರಶ್ನೆ ಕೇಳುತ್ತೇನೆಂದು ಹೆಸರು ಕೊಟ್ಟಿದ್ದೇನೆ. ಕಾರಿಲ್ಲದವರ ಪ್ರಶ್ನೆಯನ್ನು ತಾವೇ ಕೇಳುವುದಾಗಿ ಪಕ್ಕದ ಮನೆಯ ಅಜ್ಜಿ ಹೇಳಿದ್ದಾರೆ.